ಅಡ್ಕದ ಮೇಲಿನ ದಾರಿ

ಚೆರ್ಕಳದಿಂದ ಹೊರಟು ಎಡನೀರು, ಬದಿಯಡ್ಕ, ಪೆರ್ಲ, ವಿಟ್ಲಗಳನ್ನು ಹಾದು ಕಲ್ಲಡ್ಕದಲ್ಲಿ ಕೊನೆಗೊಳ್ಳುವ ರಸ್ತೆಯೊಂದಿದೆ. ಕಾಗದಪತ್ರಗಳಲ್ಲಿ ಅದಕ್ಕೆ ಚೆರ್ಕಳ–ಕಲ್ಲಡ್ಕ ರಸ್ತೆ ಎಂದು ಹೆಸರು. ಎರಡು ತುದಿಗಳ ಹೆಸರನ್ನು ಹೊತ್ತ ಈ ರಸ್ತೆಯಲ್ಲಿ ತುದಿಯಿಂದ ತುದಿಗೆ ಹೋಗುವವರು ಬಹಳ ಕಡಿಮೆ. ಹತ್ತಿದವರು ಬದಿಯಡ್ಕದಲ್ಲೋ ಪೆರ್ಲದಲ್ಲೋ ವಿಟ್ಲದಲ್ಲೋ ಇಳಿದುಬಿಡುತ್ತಾರೆ. ನಾನೂ ಹಾಗೆಯೇ. ಎಪ್ಪತ್ತು ವರ್ಷಗಳಿಂದ ಈ ದಾರಿಯಲ್ಲಿ ನಡೆದು, ಎತ್ತಿನ ಗಾಡಿಯಲ್ಲಿ ಕುಳಿತು, ಬಸ್ಸಿನಲ್ಲಿ ನಿಂತು ಓಡಾಡಿದವನಾದರೂ ಎರಡು ತುದಿಗಳನ್ನು ಒಂದೇ ದಿನ ಕಂಡದ್ದು ಮೂರೋ ನಾಲ್ಕೋ ಸಲ ಇರಬಹುದು.

ಈ ವಾರ್ಷಿಕದ ಓದುಗರಲ್ಲಿ ಹೆಚ್ಚಿನವರಿಗೆ ರಸ್ತೆ ಗೊತ್ತು. ಅದರ ಹೊಂಡಗಳು ಇನ್ನೂ ಚೆನ್ನಾಗಿ ಗೊತ್ತು. ಆದುದರಿಂದ ಮೈಲುಗಲ್ಲುಗಳನ್ನು ಎಣಿಸುವ ಗೊಡವೆಗೆ ನಾನು ಹೋಗುವುದಿಲ್ಲ. ಕೇರಳದ ಭಾಗ ಸುಮಾರು 29 ಕಿಲೋಮೀಟರು. ಅಡ್ಕಸ್ಥಳ ದಾಟಿದರೆ ಸಾರಡ್ಕ, ಅಲ್ಲಿಂದ ಮುಂದೆ ಕರ್ನಾಟಕ. ಒಂದು ತುದಿ ಕರಾವಳಿಯ ಹೆದ್ದಾರಿಗೂ ಇನ್ನೊಂದು ತುದಿ ಮಂಗಳೂರು–ಬೆಂಗಳೂರು ಹೆದ್ದಾರಿಗೂ ತಾಗುತ್ತದೆ. ನಡುವೆ ಇರುವುದು ನಾವು.

ಸಣ್ಣವನಿದ್ದಾಗ ಅಜ್ಜನ ಜೊತೆ ಉಕ್ಕಿನಡ್ಕದಿಂದ ಪೆರ್ಲಕ್ಕೆ ನಡೆಯುತ್ತಿದ್ದೆ. ನಮ್ಮ ಮನೆಯಿಂದ ನೇರ ಬೈಲಿಗಿಳಿದು ತೋಡು ದಾಟಿದರೆ ಹತ್ತಿರ ಎಂದು ನನ್ನ ಲೆಕ್ಕ. ಅಜ್ಜ ಮಾತ್ರ ಗುಡ್ಡೆ ಹತ್ತಿಸಿ, ಬಿಸಿಲು ಕಾಯ್ದ ಬೋಳು ಬಯಲಿನಲ್ಲಿ ಸುತ್ತು ಹಾಕಿಸಿ ಕರೆದೊಯ್ಯುತ್ತಿದ್ದರು. ಯಾಕಜ್ಜ ಎಂದು ಕೇಳಿದರೆ, “ಮಗಾ, ಬೈಲಿಗೆ ಧಣಿ ಇದ್ದಾನೆ, ಅಡ್ಕಕ್ಕೆ ಧಣಿ ಇಲ್ಲ” ಎಂದರು. ಆಗ ಅದು ನನಗೆ ಅರ್ಥವಾಗಲಿಲ್ಲ. ಈ ರಸ್ತೆಯ ಚರಿತ್ರೆಯನ್ನು ಬರೆಯಲು ಕುಳಿತಾಗ ಆ ಮಾತಿನಿಂದಲೇ ಆರಂಭಿಸಬೇಕು ಎನ್ನಿಸಿತು.

ಅಡ್ಕವೆಂದರೆ ಏನೆಂದು ಬೇರೆ ಊರಿನ ಓದುಗರಿಗಾಗಿ ಹೇಳಬೇಕು. ನಮ್ಮ ಸೀಮೆಯಲ್ಲಿ ನೆಲ ಎರಡು ಬಗೆ. ಗುಡ್ಡೆಗಳ ನಡುವಿನ ತಗ್ಗು ಬೈಲು. ಅಲ್ಲಿ ಗದ್ದೆ, ಗದ್ದೆಯ ಅಂಚಿನಲ್ಲಿ ಅಡಿಕೆ ತೋಟ, ತೋಟದ ತಲೆಯಲ್ಲಿ ಮನೆ. ಮೇಲೆ ಮುರಕಲ್ಲಿನ ಚಪ್ಪಟೆ ಹಾಸು. ಮುಳಿಹುಲ್ಲು, ಅಲ್ಲೊಂದು ಇಲ್ಲೊಂದು ಕುರುಚಲು ಗಿಡ, ಮಳೆಗಾಲದಲ್ಲಿ ಮೊಣಕಾಲಿನವರೆಗೆ ಹಸುರು, ಬೇಸಗೆಯಲ್ಲಿ ಕಾದ ಕಾವಲಿ. ಅದು ಅಡ್ಕ. ಅಲ್ಲಿ ಬೆಳೆ ಬರುವುದಿಲ್ಲ, ಆದುದರಿಂದ ಬೇಲಿಯೂ ಇರಲಿಲ್ಲ. ಆದರೆ ಬೈಲಿನ ಜೀವ ಇರುವುದು ಅಡ್ಕದಲ್ಲಿ. ಅದು ಕುಡಿದ ಮಳೆನೀರೇ ಬುಡದಲ್ಲಿ ಒರತೆಯಾಗುತ್ತದೆ. ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆದು ನಮ್ಮ ಹಿರಿಯರು ತೋಟಕ್ಕೆ ತಂದದ್ದೂ ಅದೇ ನೀರನ್ನು.

ಇನ್ನು ರಸ್ತೆಯ ಮೇಲಿನ ಊರುಗಳ ಹೆಸರು ನೋಡಿ. ಬದಿಯಡ್ಕ, ಪಳ್ಳತ್ತಡ್ಕ, ಉಕ್ಕಿನಡ್ಕ, ಅಡ್ಕಸ್ಥಳ, ಸಾರಡ್ಕ, ಅಡ್ಯನಡ್ಕ, ಕಲ್ಲಡ್ಕ. ಏಳು ಅಡ್ಕಗಳು. ಈ ದಾರಿಯನ್ನು ಮೊದಲು ಸವೆಸಿದವರು ಯಾರೆಂದು ಹೇಳುವ ಶಾಸನ ಬೇಕಿಲ್ಲ. ಅವರು ಬೈಲನ್ನು ಬಿಟ್ಟು ಅಡ್ಕದಿಂದ ಅಡ್ಕಕ್ಕೆ ನಡೆದರು ಎಂಬುದನ್ನು ಊರುಗಳ ಹೆಸರೇ ಹೇಳುತ್ತದೆ. ಹೊರೆ ಹೊತ್ತವನಿಗೂ ಹೇರು ಹೊತ್ತ ಎತ್ತಿಗೂ ಕೆಸರುಗದ್ದೆಯ ಹುಣಿಗಿಂತ ಕಲ್ಲುನೆಲ ಹಿತ. ಇನ್ನೊಂದು ಕಾರಣವನ್ನು ಮುಚ್ಚಿಡಬಾರದು. ಬೈಲಿನ ದಾರಿಯಲ್ಲಿ ಯಾರು ನಡೆಯಬಹುದು, ಯಾರು ದೂರ ನಿಂತು ದಾರಿ ಬಿಡಬೇಕು ಎಂಬ ಲೆಕ್ಕ ಹಿಂದೆ ಬಲು ಕಟ್ಟುನಿಟ್ಟಾಗಿತ್ತು. ದೇವಸ್ಥಾನದ ಎದುರು, ಧಣಿಯ ಅಂಗಳದ ಬದಿಯಲ್ಲಿ ಎಲ್ಲರ ಕಾಲೂ ಸುಳಿಯುವಂತಿರಲಿಲ್ಲ. ಅಡ್ಕದಲ್ಲಿ ಬದಿಗೆ ಸರಿಯಲು ಬೇಕಾದಷ್ಟು ಜಾಗವಿತ್ತು. ಅಜ್ಜನ ಮಾತಿನಲ್ಲಿ ಇದೂ ಅಡಗಿತ್ತೆಂದು ನನಗೆ ತಿಳಿದದ್ದು ತಡವಾಗಿ.

ಹೆಸರಿನ ಮಾತು ಬಂದಾಗ ಈ ಭಾಗದಲ್ಲಿ ಸ್ವರ ಏರುವುದು ಸಹಜ. ಮಲಯಾಳದ ಫಲಕದಲ್ಲಿ ಬದಿಯಡ್ಕ ‘ಬದಿಯಡುಕ್ಕ’ವಾಗುತ್ತದೆ, ಕಲ್ಲಡ್ಕ ‘ಕಲ್ಲಡುಕ್ಕ’ವಾಗುತ್ತದೆ. 2021ರಲ್ಲಿ ಊರ ಹೆಸರುಗಳ ಬಗ್ಗೆ ಎರಡು ರಾಜ್ಯಗಳ ನಡುವೆ ಪತ್ರಗಳೇ ಓಡಾಡಿದವು. ಮಧೂರು ಮಧುರವಾಗಬಾರದು, ಮಲ್ಲ ಮಲ್ಲಂ ಆಗಬಾರದು ಎಂಬ ವಾದ ನ್ಯಾಯವಾದದ್ದೇ. ಹೆಸರು ಕೆಟ್ಟರೆ ಅರ್ಥ ಕೆಡುತ್ತದೆ. ಆದರೆ ಅಡುಕ್ಕದ ವಿಷಯದಲ್ಲಿ ನನಗೆ ಅಷ್ಟು ಸಿಟ್ಟಿಲ್ಲ. ಅಡ್ಕವನ್ನು ಅವರ ನಾಲಗೆ ಹಾಗೆ ನುಡಿಯುತ್ತದೆ, ನಮ್ಮ ನಾಲಗೆ ಹೀಗೆ. ಕಾಸರಗೋಡು ಪೇಟೆಯ ಪಕ್ಕದಲ್ಲೇ ಅಡ್ಕತ್ತಬೈಲು ಎಂಬ ಊರಿದೆ. ಅದರಲ್ಲಿ ಅಡ್ಕವೂ ಇದೆ, ಬೈಲೂ ಇದೆ, ಎರಡನ್ನು ಜೋಡಿಸುವ ಮಲಯಾಳದ ಪ್ರತ್ಯಯವೂ ಇದೆ. ಒಂದೇ ಹೆಸರಿನೊಳಗೆ ಇಷ್ಟು ಜನ ಜಗಳವಿಲ್ಲದೆ ಕುಳಿತಿರುವಾಗ ಎಳೆದಾಡುವುದೇಕೆ?

ಈ ದಾರಿ ಕೂಡಿಸುತ್ತಿದ್ದುದು ಎರಡು ಸೀಮೆಗಳನ್ನು. ಪಡುವಣದ್ದು ಕುಂಬಳೆ ಅರಸರ ಸೀಮೆ, ಮೂಡಣ ಬಡಗಣದ್ದು ವಿಟ್ಲದ ಡೊಂಬ ಹೆಗ್ಗಡೆಗಳ ಸೀಮೆ. ದಾರಿಯ ಒಂದು ಬದಿಗೆ ಕಡಲು ಮತ್ತು ಚಂದ್ರಗಿರಿ ಹೊಳೆಯ ಬಾಯಿ, ಇನ್ನೊಂದು ಬದಿಗೆ ನೇತ್ರಾವತಿಯ ದಂಡೆಯ ಪಾಣೆಮಂಗಳೂರು, ಬಂಟ್ವಾಳ. ಬಂಟ್ವಾಳವೆಂದರೆ ಆಗ ದೊಡ್ಡ ಸಂತೆ. ಘಟ್ಟದಿಂದ ಇಳಿದ ಸರಕು ಅಲ್ಲಿ ದೋಣಿಯೇರಿ ಮಂಗಳೂರಿಗೆ ಹೋಗುತ್ತಿತ್ತು. ಕಡಲ ಕಡೆಯಿಂದ ಉಪ್ಪು, ಒಣಮೀನು ಮೇಲೆ ಬರುವುದು, ತೋಟದ ಅಡಿಕೆ, ಮೆಣಸು ಕೆಳಗೆ ಹೋಗುವುದು. ಹೊರೆ ಇಳಿಸಲು ಅಲ್ಲಲ್ಲಿ ಕಟ್ಟೆ. ಮಲಯಾಳದಲ್ಲಿ ಇಂಥ ಕಲ್ಲಿಗೆ ಅತ್ತಾಣಿ ಎನ್ನುತ್ತಾರೆ. ನಮ್ಮ ರಸ್ತೆಯ ನೆಲ್ಲಿಕಟ್ಟೆಯ ಹೆಸರು ಕೇಳಿದಾಗಲೆಲ್ಲ ನೆಲ್ಲಿಮರದಡಿ ಹೊರೆ ಇಳಿಸಿ ಬೆವರು ಒರಸುವ ಒಬ್ಬ ಮನುಷ್ಯ ನನ್ನ ಕಣ್ಣಿಗೆ ಬರುತ್ತಾನೆ.

ಬರಹದಲ್ಲಿ ಈ ದಾರಿಯನ್ನು ಹುಡುಕಿದರೆ ನಿರಾಶೆಯಾಗುತ್ತದೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಕಂಪೆನಿ ಸರಕಾರ ಕೆನರಾವನ್ನು ವಶಪಡಿಸಿಕೊಂಡಿತು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಈ ಜಿಲ್ಲೆಯನ್ನು ನೋಡಿಕೊಂಡು ಹೋದ. ಅವನು ಬಂದದ್ದು ತೆಂಕಣದಿಂದ ಕಡಲಂಚು ಹಿಡಿದು, ಬೇಕಲ, ಕುಂಬಳೆ, ಮಂಜೇಶ್ವರಗಳ ಮೇಲಿಂದ ಮಂಗಳೂರಿಗೆ. ಆಮೇಲೆ ನೇತ್ರಾವತಿಯ ಬದಿಯಲ್ಲಿ ಬಂಟ್ವಾಳದತ್ತ. ತ್ರಿಕೋನದ ಎರಡು ಬದಿ ಅವನು ನಡೆದ, ಮೂರನೆಯ ಬದಿ ನಮ್ಮದು. ದೊಡ್ಡ ದಾರಿಯಲ್ಲಿ ಹೋದವರು ಬರೆದರು. ಒಳದಾರಿಯಲ್ಲಿ ನಡೆದವರಿಗೆ ಬರೆಯುವ ಪುರುಸೊತ್ತು ಎಲ್ಲಿತ್ತು? ಆದರೆ ಒಳದಾರಿಯಲ್ಲೂ ರಕ್ತ ಬಿದ್ದಿದೆ. ಕಂಪೆನಿಗೆ ಎದುರು ನಿಂತ ವಿಟ್ಲದ ಹೆಗ್ಗಡೆಯನ್ನು ಹಿಡಿದು 1800ರಲ್ಲಿ ಗಲ್ಲಿಗೇರಿಸಿದರು. ವಿಟ್ಲದ ಪಂಚಲಿಂಗೇಶ್ವರ ದೇವಸ್ಥಾನಕ್ಕೆ ಆಯನಕ್ಕೆಂದು ಹೋಗುವವರಲ್ಲಿ ಎಷ್ಟು ಮಂದಿಗೆ ಇದು ನೆನಪಿದೆಯೋ ಕಾಣೆ.

ಕಾಲ್ದಾರಿ ಗಾಡಿದಾರಿಯಾದದ್ದು, ಗಾಡಿದಾರಿಗೆ ಮುರಕಲ್ಲಿನ ಮೋರಿ ಬಂದದ್ದು ಮದ್ರಾಸು ಸರಕಾರದ ಕಾಲದಲ್ಲಿ. 1884ರ ಲೋಕಲ್ ಬೋರ್ಡುಗಳ ಕಾಯಿದೆಯ ಅನಂತರ ಜಿಲ್ಲೆಯ ಒಳರಸ್ತೆಗಳ ಉಸ್ತುವಾರಿ ಬೋರ್ಡುಗಳಿಗೆ ಬಂತು. ರಸ್ತೆ ಸರಕಾರದ್ದಾದಾಗ ಒಂದು ದೊಡ್ಡ ಬದಲಾವಣೆ ಸದ್ದಿಲ್ಲದೆ ಆಯಿತು: ಯಾರು ನಡೆಯಬಾರದು ಎಂಬ ಹಳೆಯ ಲೆಕ್ಕವನ್ನು ಬಾಯಿಬಿಟ್ಟು ಹೇಳುವುದು ಕಷ್ಟವಾಯಿತು. ಮನಸ್ಸಿನಿಂದ ಅದು ಹೋಗಲು ಇನ್ನೆಷ್ಟೋ ಕಾಲ ಬೇಕಾಯಿತು, ಆ ಮಾತು ಬೇರೆ. 1907ರಲ್ಲಿ ರೈಲು ಮಂಗಳೂರನ್ನು ಮುಟ್ಟಿತು. ಅದರೊಂದಿಗೆ ಕಾಸರಗೋಡು, ಕುಂಬಳೆಗಳಲ್ಲಿ ಸ್ಟೇಶನುಗಳಾದವು. ಅಲ್ಲಿಯವರೆಗೆ ಬಂಟ್ವಾಳದ ದೋಣಿಯನ್ನೇ ನಂಬಿದ್ದ ಬೈಲುಗಳಿಗೆ ಪಡುವಣದಲ್ಲಿ ಇನ್ನೊಂದು ಬಾಗಿಲು ತೆರೆಯಿತು.

ಬಸ್ಸಿನ ಕಥೆಗಳನ್ನು ಹೇಳಲು ಹೊರಟರೆ ಸಂಪಾದಕರು ಕೊಟ್ಟ ಪುಟಗಳು ಸಾಲವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಇದ್ದಿಲ ಗ್ಯಾಸಿನಲ್ಲಿ ಬಸ್ಸು ಓಡುತ್ತಿದ್ದುದನ್ನು ಅಜ್ಜ ಬಣ್ಣಿಸುತ್ತಿದ್ದರು. ಹಿಂಬದಿಯಲ್ಲಿ ಕುಲುಮೆಯಂಥ ಡ್ರಮ್ಮು, ಹೊರಡುವ ಮೊದಲು ಒಬ್ಬ ಗಾಳಿ ತಿರುಗಿಸಬೇಕು, ಏರು ಬಂದಾಗ ಗಂಡಸರೆಲ್ಲ ಇಳಿದು ನೂಕಬೇಕು. “ಟಿಕೇಟು ಕೊಟ್ಟು ನೂಕಿದ್ದು ಅದೊಂದೇ ವಾಹನ” ಎಂದು ಅವರ ತಮಾಷೆ. ನನ್ನ ಕಾಲಕ್ಕೆ ಡೀಸೆಲ್ ಬಂದಿತ್ತು. ಮಳೆಗಾಲದಲ್ಲಿ ಕೆಸರಿಗೆ ಹೆದರಿ ಬಸ್ಸು ಅರ್ಧದಲ್ಲೇ ತಿರುಗಿಹೋದ ದಿನಗಳೂ ಇದ್ದವು. ಆಟದ ರಾತ್ರಿಗಳಲ್ಲಿ ಮಾತ್ರ ಯಾರಿಗೂ ಬಸ್ಸಿನ ಹಂಗಿರಲಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ಮಾತು ಕೇಳಲು ಸೂಟೆ ಹಿಡಿದು ಅಡ್ಕದ ಮೇಲೆ ಸಾಲುಗಟ್ಟಿ ನಡೆಯುತ್ತಿದ್ದ ಜನರನ್ನು ನಾನು ಕಂಡಿದ್ದೇನೆ.

1956ರ ನವೆಂಬರ್ 1ರಂದು ನಾನು ಎರಡನೆಯ ಕ್ಲಾಸಿನಲ್ಲಿದ್ದೆ. ಅಂದು ರಸ್ತೆಯಲ್ಲಿ ಏನೂ ಆಗಲಿಲ್ಲ. ಮಕ್ಕಳಾದ ನಾವು ಗಡಿ ಎಂದರೆ ಗೋಡೆ ಇರಬಹುದೆಂದುಕೊಂಡು ಭಾನುವಾರ ಅಡ್ಕಸ್ಥಳದವರೆಗೆ ನಡೆದು ಹೋಗಿ ನೋಡಿ ಬಂದೆವು. ಗೋಡೆ ಇರಲಿಲ್ಲ. ಒಂದು ದನ ಆಚೆ ಮೇಯುತ್ತಿತ್ತು. ಅಷ್ಟು ದಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತ್ತು, ಉಳಿದ ಜಿಲ್ಲೆ ಮೈಸೂರು ರಾಜ್ಯಕ್ಕೆ. ಮೊದಲು ಮಲಬಾರ್ ಜಿಲ್ಲೆ, 1957ರ ಜನವರಿಯಿಂದ ಕಣ್ಣೂರು ಜಿಲ್ಲೆ. ಕಲೆಕ್ಟರರ ಕಚೇರಿಗೆ ಅರ್ಜಿ ಹಿಡಿದು ಬಡಗಣಕ್ಕೆ ಹೋಗುತ್ತಿದ್ದವರು ಇನ್ನು ತೆಂಕಣಕ್ಕೆ ಹೋಗಬೇಕಾಯಿತು. ಕಾಸರಗೋಡೇ ಜಿಲ್ಲೆಯಾಗಲು 1984ರ ಮೇ 24ರವರೆಗೆ ಕಾಯಬೇಕಾಯಿತು. ಆದರೆ ಹೆಣ್ಣು ಕೊಟ್ಟು ತರುವುದು, ಕೋಣ ಕೊಳ್ಳುವುದು, ಹಲ್ಲುನೋವಿನ ಮದ್ದು, ಕಾಲೇಜು, ಎಲ್ಲವೂ ಹಳೆಯ ದಿಕ್ಕಿನಲ್ಲೇ ಉಳಿದವು. ಅರ್ಜಿ ಒಂದು ಕಡೆ, ಬದುಕು ಇನ್ನೊಂದು ಕಡೆ.

1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ಚಂದ್ರಗಿರಿ, ಪಯಸ್ವಿನಿ ಹೊಳೆಗಳ ಬಡಗಣ ಭಾಗ ಮೈಸೂರಿಗೆ ಸೇರಬೇಕೆಂದು ಶಿಫಾರಸು ಮಾಡಿತು. ಅದು ಜಾರಿಯಾಗಿದ್ದರೆ ಚೆರ್ಕಳದಿಂದ ಕಲ್ಲಡ್ಕದವರೆಗಿನ ಇಡೀ ರಸ್ತೆ ಒಂದೇ ರಾಜ್ಯದಲ್ಲಿರುತ್ತಿತ್ತು. ಜಾರಿಯಾಗಲಿಲ್ಲ. ಬದಿಯಡ್ಕದ ಕಯ್ಯಾರ ಕಿಞ್ಞಣ್ಣ ರೈಗಳು ಆ ನೋವನ್ನು ಕೊನೆಯವರೆಗೂ ಹೊತ್ತುಕೊಂಡಿದ್ದರು. 1915ರಲ್ಲಿ ಹುಟ್ಟಿ 2015ರಲ್ಲಿ, ನೂರು ತುಂಬಿದ ಮೇಲೆ ತೀರಿಕೊಂಡ ಅವರು ಪೆರಡಾಲದ ಶಾಲೆಯಲ್ಲಿ ಮಾಷ್ಟ್ರು, ಊರಿನ ಪಂಚಾಯತಿಗೆ ಅಧ್ಯಕ್ಷರು, ತೋಟದಲ್ಲಿ ಹಾರೆ ಹಿಡಿದ ಕೃಷಿಕರು. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಜೀವಮಾನವಿಡೀ ಹೋರಾಡಿದ ಮನುಷ್ಯ ಕುಮಾರನ್ ಆಶಾನರ ಕವಿತೆಗಳನ್ನು ಮಲಯಾಳದಿಂದ ಕನ್ನಡಕ್ಕೆ ತಂದರು ಎಂಬುದನ್ನು ಹೊರಗಿನವರಿಗೆ ಹೇಳಿದರೆ ಹುಬ್ಬೇರಿಸುತ್ತಾರೆ. ಬದಿಯಡ್ಕದಲ್ಲಿ ಇಳಿದು ಹತ್ತುವವರಿಗೆ ಅದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ.

ಗಡಿಯ ಗೆರೆ ನಿಜವಾಗಿ ಏನು ಮಾಡಬಲ್ಲದು ಎಂಬುದು ನಮ್ಮ ಮನೆಗೆ ತಿಳಿದದ್ದು ಜಮೀನಿನ ವಿಷಯದಲ್ಲಿ. ನಮ್ಮದು ಚಾಲಗೇಣಿಯ ಒಕ್ಕಲು. ಅಡ್ಯನಡ್ಕದ ಕಡೆ ಇದ್ದ ನನ್ನ ಸೋದರಮಾವನದ್ದೂ ಅದೇ. ನಮ್ಮ ತಂದೆ ಒಬ್ಬ ಧಣಿಗೆ ಅಕ್ಕಿಮುಡಿ ಹೊರುತ್ತಿದ್ದರು, ಮಾವ ಇನ್ನೊಬ್ಬರಿಗೆ. ಕೇರಳದ ಭೂಸುಧಾರಣೆಯ ತಿದ್ದುಪಡಿ 1970ರ ಜನವರಿ 1ರಂದು ಜಾರಿಗೆ ಬಂದಾಗ ನಮ್ಮ ಧಣಿಯ ಹಕ್ಕು ಹೋಯಿತು. ನಾವು ಉಳುವ ನೆಲ ನಮ್ಮದೆನ್ನುವಂತಾಯಿತು. ಮಾವನ ಕಡೆ ಅಂಥ ಕಾನೂನು ಬಂದದ್ದು 1974ರ ಮಾರ್ಚ್ 1ರಂದು. ನಡುವಿನ ನಾಲ್ಕು ವರ್ಷ ಅವರು ಗೇಣಿ ಹೊತ್ತರು, ಒಕ್ಕಲೆಬ್ಬಿಸುವ ಭಯದಲ್ಲಿ ನಿದ್ದೆ ಕೆಟ್ಟರು. ನಮ್ಮ ಮನೆಗೂ ಅವರ ಮನೆಗೂ ಇದ್ದ ದೂರ ಒಂದು ಬೆಳಗಿನ ನಡಿಗೆ. ಹಬ್ಬಕ್ಕೆ ಬಂದಾಗ, “ಭಾವ, ಆ ಗಡಿಕಲ್ಲನ್ನು ಒಂದು ರಾತ್ರಿ ಎತ್ತಿ ನನ್ನ ಮನೆಯ ಆಚೆಗೆ ಇಟ್ಟುಬಿಟ್ಟರೆ ಹೇಗೆ?” ಎಂದು ನಗುತ್ತಿದ್ದರು. ನಗುವಾಗ ಕಣ್ಣು ನಗುತ್ತಿರಲಿಲ್ಲ. ಕನ್ನಡಿಗರೆಲ್ಲ ಒಂದು ರಾಜ್ಯದಲ್ಲಿರಬೇಕೆಂದು ಸಭೆಯಲ್ಲಿ ಕೈ ಎತ್ತಿದವರೇ ಅವರು.

ಕಾನೂನಿನ ಇನ್ನೊಂದು ಮುಖವೂ ಇದೇ ರಸ್ತೆಯ ಬದಿಯಲ್ಲಿದೆ. ಚೆರ್ಕಳದಿಂದ ಹೊರಟ ಬಸ್ಸು ಮೊದಲು ಮುಟ್ಟುವ ದೊಡ್ಡ ಸ್ಥಳ ಎಡನೀರು ಮಠ. ಮಠದ ಭೂಮಿ ಕೈಬಿಡುವ ಸ್ಥಿತಿ ಬಂದಾಗ ಶ್ರೀ ಕೇಶವಾನಂದ ಭಾರತಿ ಸ್ವಾಮೀಜಿಯವರು 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಹದಿಮೂರು ನ್ಯಾಯಮೂರ್ತಿಗಳು 68 ದಿನ ವಾದ ಕೇಳಿ, 1973ರ ಏಪ್ರಿಲ್ 24ರಂದು ಏಳಕ್ಕೆ ಆರರ ಬಹುಮತದಿಂದ ತೀರ್ಪು ಕೊಟ್ಟರು: ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ಸ್ವಾಮೀಜಿಯವರಿಗೆ ಕೇಳಿದ್ದು ಸಿಗಲಿಲ್ಲ. ದೇಶಕ್ಕೆ ಕೇಳದೇ ಇದ್ದುದು ಸಿಕ್ಕಿತು. ಯಕ್ಷಗಾನ, ಸಂಗೀತಗಳಲ್ಲಿ ಮನಸ್ಸಿಟ್ಟಿದ್ದ ಅವರು 2020ರ ಸೆಪ್ಟೆಂಬರ್ 6ರಂದು ತೀರಿಕೊಂಡಾಗ ದೇಶದ ಪತ್ರಿಕೆಗಳೆಲ್ಲ ಎಡನೀರಿನ ಹೆಸರು ಬರೆದವು. ಒಕ್ಕಲಿನ ಮಗನಾದ ನನಗೆ ಆ ದಾವೆಯ ಬಗ್ಗೆ ಎರಡು ಮನಸ್ಸು. ಅದು ಗೆದ್ದಿದ್ದರೆ ನಮ್ಮಂಥವರ ನೆಲ ಏನಾಗುತ್ತಿತ್ತೋ ಎಂದು ಒಂದು ಮನಸ್ಸು. ಅದು ಹೂಡದೇ ಇದ್ದಿದ್ದರೆ ದೇಶದ ಗತಿ ಏನಾಗುತ್ತಿತ್ತೋ ಎಂದು ಇನ್ನೊಂದು.

ಅಕ್ಕಿಯ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ಧಾನ್ಯದ ಅಭಾವದ 1960ರ ದಶಕದಲ್ಲಿ ಅಕ್ಕಿ ರಾಜ್ಯದ ಗಡಿ ದಾಟಬಾರದೆಂಬ ಕಟ್ಟು ಬಿಗಿಯಾಯಿತು. ರಸ್ತೆಯಲ್ಲಿ ಕಾವಲು ಬಂತು. ಮಾವನ ಮನೆಯ ಅಕ್ಕಿ ನಮ್ಮ ಮನೆಗೆ ಬರುತ್ತಿದ್ದುದು ಮಾತ್ರ ನಿಲ್ಲಲಿಲ್ಲ. ರಸ್ತೆ ಬಿಟ್ಟು, ಅದರ ತಾಯಿಯಾದ ಹಳೆಯ ಕಾಲ್ದಾರಿಯನ್ನು ಹಿಡಿದು, ತಿಂಗಳ ಬೆಳಕಿನಲ್ಲಿ ಅಡ್ಕದ ಮೇಲೆ ಬರುತ್ತಿತ್ತು. ತಂಗಿಗೆ ಅಣ್ಣ ಕೊಡುವ ಒಂದು ಮುಡಿ ಅಕ್ಕಿ ಕಳ್ಳಸಾಗಣೆ ಹೇಗಾಗುತ್ತದೆ ಎಂಬುದು ನನ್ನ ತಾಯಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ.

ಗೆರೆಯನ್ನು ಲೆಕ್ಕಕ್ಕೇ ಇಡದೆ ಬೆಳೆದದ್ದು ಅಡಿಕೆ. ಗಡಿ ಹುಟ್ಟಿದ 1956ರಲ್ಲೇ ವಿಟ್ಲದಲ್ಲಿ ಅಡಿಕೆ ಸಂಶೋಧನಾ ಕೇಂದ್ರ ಹುಟ್ಟಿತು. 1970ರಲ್ಲಿ ಕಾಸರಗೋಡನ್ನು ಕೇಂದ್ರವಾಗಿಟ್ಟು ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ರೂಪುಗೊಂಡಾಗ ವಿಟ್ಲ ಅದರ ಶಾಖೆಯಾಯಿತು. ಹಾಗಾಗಿ ಈ ರಸ್ತೆಯಲ್ಲಿ ಸಸಿಗಳೂ ವಿಜ್ಞಾನಿಗಳೂ ಓಡಾಡಿದರು. 1972ರಲ್ಲಿ ವಿಟ್ಲದಿಂದ ಬಿಡುಗಡೆಯಾದ ‘ಮಂಗಳ’ ತಳಿ ಗಡಿಯ ಎರಡೂ ಬದಿಯ ತೋಟಗಳಿಗೆ ಬಂತು. ಅದೇ ಹೊತ್ತಿಗೆ ಅಡಿಕೆಯ ಬೆಲೆ ಬಿದ್ದು ಬೆಳೆಗಾರರು ಕಂಗಾಲಾಗಿದ್ದರು. ಆಗ ಮುಂದೆ ನಿಂತವರು ಅಡ್ಯನಡ್ಕದ ವಾರಣಾಶಿ ಸುಬ್ರಾಯ ಭಟ್ಟರು. 1973ರ ಜುಲೈ 11ರಂದು ಮಂಗಳೂರಿನಲ್ಲಿ ಹುಟ್ಟಿದ ಕ್ಯಾಂಪ್ಕೊ ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರನ್ನು ಒಂದೇ ಸಹಕಾರಿ ಸಂಘದೊಳಗೆ ತಂದಿತು. ಅದನ್ನು ಕಟ್ಟಿದವರ ಮನೆ ಗಡಿಯಿಂದ ಕೂಗಳತೆಯಲ್ಲಿದ್ದುದು ಆಕಸ್ಮಿಕವೆಂದು ನನಗೆ ಅನ್ನಿಸುವುದಿಲ್ಲ. ಗೆರೆಯ ಮೇಲೆ ಬದುಕುವವನಿಗೆ ಗೆರೆಯ ಎರಡೂ ಬದಿಯ ವ್ಯಾಪಾರಿಯ ತಕ್ಕಡಿ ಒಂದೇ ಎಂದು ಗೊತ್ತಿರುತ್ತದೆ.

ಇಲ್ಲಿಯವರೆಗೆ ಬರೆದದ್ದನ್ನು ಬರೆಯುವಾಗ ಕೈ ಹಗುರವಾಗಿತ್ತು. ಇನ್ನು ಪೆರ್ಲದ ಮೂಡಣಕ್ಕೆ ನೋಡಬೇಕು. ಧಣಿಯಿಲ್ಲದ ಅಡ್ಕಕ್ಕೆ ಕಾಲ ಕಳೆದಂತೆ ಧಣಿ ಬಂದ. ಬೋಳುಗುಡ್ಡೆಗಳ ಮೇಲೆ ಸರಕಾರಿ ಗೇರುತೋಟಗಳಾದವು. 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಅಲ್ಲಿ ಎಂಡೋಸಲ್ಫಾನ್ ಸುರಿದರು. ಅಡ್ಕದ ಮೇಲೆ ಸುರಿದದ್ದು ಎಲ್ಲಿಗೆ ಹೋಗುತ್ತದೆ? ಮಳೆನೀರು ಹೋಗುವಲ್ಲಿಗೆ: ತೋಡಿಗೆ, ಸುರಂಗಕ್ಕೆ, ಬೈಲಿನ ಮನೆಯ ಹಂಡೆಗೆ. ಎಣ್ಮಕಜೆ ಪಂಚಾಯತಿನ ಪಡ್ರೆ, ಸ್ವರ್ಗಗಳ ಮಕ್ಕಳ ಚಿತ್ರಗಳನ್ನು ಲೋಕವೆಲ್ಲ ನೋಡಿತು. ಶ್ರೀಪಡ್ರೆಯವರಂಥ ಊರವರೇ ಮೊದಲು ಬರೆದು ಎಚ್ಚರಿಸಿದರು. ಅಂಬಿಕಾಸುತನ್ ಮಾಙಾಡರು 2009ರಲ್ಲಿ ಮಲಯಾಳದಲ್ಲಿ ‘ಎಣ್ಮಕಜೆ’ ಎಂಬ ಕಾದಂಬರಿಯನ್ನೇ ಬರೆದರು. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೆಲ್ಲ ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆಜ್ಞೆ ಮಾಡಿತು. ಕಾಯಿಲೆಯ ಮಕ್ಕಳನ್ನು ತೊಡೆಯ ಮೇಲಿಟ್ಟುಕೊಂಡು ಪೆರ್ಲದಲ್ಲಿ ಬಸ್ಸು ಹತ್ತುವ ತಾಯಂದಿರಿಗೆ ನಾನು ಎಷ್ಟೋ ಸಲ ಸೀಟು ಬಿಟ್ಟುಕೊಟ್ಟಿದ್ದೇನೆ. ಅವರು ಹೋಗುತ್ತಿದ್ದುದು ವಿಟ್ಲ, ಕಲ್ಲಡ್ಕದ ಮೇಲಿಂದ ಮಂಗಳೂರಿನ ಆಸ್ಪತ್ರೆಗಳಿಗೆ. ಅಡಿಕೆ, ಅಕ್ಕಿ, ಮದುವೆಯ ದಿಬ್ಬಣಗಳ ದಾರಿ ನಮ್ಮ ಕಣ್ಣೆದುರಿಗೇ ಆಸ್ಪತ್ರೆಯ ದಾರಿಯಾಯಿತು.

ಅದಕ್ಕೇ 2013ರ ನವೆಂಬರಿನಲ್ಲಿ ಉಕ್ಕಿನಡ್ಕದ ಗುಡ್ಡೆಯ ಮೇಲೆ ಸರಕಾರಿ ಮೆಡಿಕಲ್ ಕಾಲೇಜಿಗೆ ಕಲ್ಲಿಟ್ಟಾಗ ನಾವೆಲ್ಲ ಹಬ್ಬದಂತೆ ಹೋಗಿ ನೋಡಿದೆವು. ಕಲ್ಲು ಕಟ್ಟಡವಾಗಲು ವರ್ಷಗಳು ಹಿಡಿದವು. ಅಷ್ಟರಲ್ಲಿ 2020ರ ಮಾರ್ಚ್ ಬಂತು. ಕೋವಿಡಿನ ಭಯದಿಂದ ಕರ್ನಾಟಕ ಕೇರಳದ ಗಡಿಯನ್ನು ಮುಚ್ಚಿತು. ಹಲವು ಒಳರಸ್ತೆಗಳಿಗೆ ಅಡ್ಡಲಾಗಿ ಮಣ್ಣಿನ ರಾಶಿ ಬಿತ್ತು. ಎಂಟು ವರ್ಷದ ಹುಡುಗನಾಗಿ ನಾನು ಹುಡುಕಿಕೊಂಡು ಹೋಗಿದ್ದ ಗೋಡೆ ಅರುವತ್ತನಾಲ್ಕು ವರ್ಷ ತಡವಾಗಿ ಎದ್ದಿತು. ಮಂಗಳೂರಿನ ಆಸ್ಪತ್ರೆಗಳಿಗೆ ಹೋಗಲಾಗದೆ ಆ ದಿನಗಳಲ್ಲಿ ಕಾಸರಗೋಡಿನ ಹಲವು ರೋಗಿಗಳು ತೀರಿಕೊಂಡರು. ಏಪ್ರಿಲ್ 1ರಂದು ಕೇರಳದ ಹೈಕೋರ್ಟು ಅಡ್ಡಿ ತೆಗೆಯಬೇಕೆಂದಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು, ಕೊನೆಗೆ ತಲಪಾಡಿಯ ಮೂಲಕ ತುರ್ತಿನ ರೋಗಿಗಳನ್ನು ಬಿಡುವ ಒಪ್ಪಂದವಾಯಿತು. ಪೆರ್ಲದವನಿಗೆ ತಲಪಾಡಿ ಎಂದರೆ ಮೂಗು ಹಿಡಿಯಲು ತಲೆ ಸುತ್ತಿ ಕೈ ತಂದ ಹಾಗೆ. ಅದೇ ಏಪ್ರಿಲಿನಲ್ಲಿ ಉಕ್ಕಿನಡ್ಕದ ಕಟ್ಟಡವನ್ನು ತರಾತುರಿಯಿಂದ ಕೋವಿಡ್ ಆಸ್ಪತ್ರೆಯಾಗಿ ತೆರೆದರು. ತಿರುವನಂತಪುರದಿಂದ ವೈದ್ಯರ ತಂಡ ಬಂತು. ರಾಜಧಾನಿ ನಮ್ಮ ಅಡ್ಕಕ್ಕೆ ಅಷ್ಟು ವೇಗವಾಗಿ ಬಂದದ್ದನ್ನು ನಾನು ಬೇರೆ ಎಂದೂ ಕಂಡಿಲ್ಲ.

ಆ ದಿನಗಳಲ್ಲಿ ಮಾವನ ಮೊಮ್ಮಗ ಫೋನು ಮಾಡಿದ್ದ. ಅವನ ಹೆಂಡತಿಯ ತವರು ನಮ್ಮ ಕಡೆ. ಹೆರಿಗೆಗೆ ಬಂದವಳು ಇಲ್ಲೇ ಉಳಿದುಬಿಟ್ಟಿದ್ದಳು. “ಮಾವಾ, ಹಿಂದೆ ಅಕ್ಕಿ ತರುತ್ತಿದ್ದ ದಾರಿ ನಿಮಗೆ ನೆನಪಿದೆಯಾ?” ಎಂದು ಕೇಳಿದ. ನೆನಪಿತ್ತು. ಆದರೆ ಅಲ್ಲಿ ಈಗ ರಬ್ಬರು, ರಬ್ಬರಿಗೆ ಬೇಲಿ, ಬೇಲಿಯಾಚೆ ಕಗ್ಗಲ್ಲಿನ ಕೋರೆಯ ಹೊಂಡ. ಮಗುವಿನ ಮುಖವನ್ನು ಅವನು ಮೊದಲು ನೋಡಿದ್ದು ಫೋನಿನಲ್ಲಿ.

ಮಣ್ಣಿನ ರಾಶಿ ಹೋಯಿತು, ಬಸ್ಸು ಬಂತು. ರಸ್ತೆಯ ಕೇರಳದ ಭಾಗವನ್ನು ಚೆರ್ಕಳದಿಂದ ಉಕ್ಕಿನಡ್ಕ, ಉಕ್ಕಿನಡ್ಕದಿಂದ ಅಡ್ಕಸ್ಥಳ ಎಂದು ಎರಡು ತುಂಡು ಮಾಡಿ ಅಗಲ ಮಾಡುವ ಕೆಲಸ ಅದಕ್ಕೆ ಮೊದಲೇ ಆರಂಭವಾಗಿತ್ತು. ಕೆಲಸ ಕುಂಟಿದಾಗ ಜನ ಧರಣಿ ಕುಳಿತರು. ಕರಿಂಬಿಲದಲ್ಲಿ ಗುಡ್ಡೆ ಜರಿದಾಗ ರಸ್ತೆಯೇ ಮುಚ್ಚಿತು. ಗುಡ್ಡೆಯ ಬುಡವನ್ನು ನೆಟ್ಟಗೆ ಕೊಯ್ದರೆ ಅದು ಜರಿಯದೆ ಏನು ಮಾಡೀತು? ಹಳೆಯ ದಾರಿ ಸುತ್ತು ಹಾಕುತ್ತಿದ್ದಲ್ಲಿ ಹೊಸ ರಸ್ತೆ ನೇರ ಹೋಗಲು ನೋಡಿದೆ. ಅಜ್ಜನ ಜೊತೆ ನಡೆದವರಿಗೆ ಆ ತಿರುವುಗಳ ಕಾರಣ ಗೊತ್ತಿತ್ತು; ಅವರನ್ನು ಯಾರೂ ಕೇಳಲಿಲ್ಲ.

ಕಳೆದ ಬೇಸಗೆಯಲ್ಲಿ ಈ ಲೇಖನಕ್ಕೆಂದೇ ಚೆರ್ಕಳದಲ್ಲಿ ಹತ್ತಿ ಕಲ್ಲಡ್ಕದವರೆಗೆ ಹೋದೆ. ವಿಟ್ಲದಲ್ಲಿ ಬಸ್ಸು ಬದಲಿಸಬೇಕಾಯಿತು. ಚೆರ್ಕಳದಲ್ಲಿ ಕಂಡಕ್ಟರನೊಡನೆ ಮಲಯಾಳದಲ್ಲಿ ಚಿಲ್ಲರೆಗಾಗಿ ವಾದಿಸಿದ ಹೆಂಗಸು ಬದಿಯಡ್ಕದಲ್ಲಿ ಪಕ್ಕದವಳೊಡನೆ ತುಳುವಿನಲ್ಲಿ ಮಗಳ ಸುದ್ದಿ ಹೇಳಿದಳು, ಪೆರ್ಲದಲ್ಲಿ ಇಳಿಯುವಾಗ ಶಾಲೆಯ ಹುಡುಗನಿಗೆ ಕನ್ನಡದಲ್ಲಿ ಬೈದಳು. ಸಾರಡ್ಕದಲ್ಲಿ ಒಬ್ಬ ಮುದುಕ ಸಣ್ಣದೊಂದು ಗೋಣಿಚೀಲ ಹಿಡಿದು ಹತ್ತಿದ. ಒಳಗೇನೆಂದು ಕೇಳಿದೆ. “ಅಕ್ಕಿ” ಎಂದ. “ಮಗಳಿಗೆ.” ವಿಟ್ಲದ ಮಗಳೋ ಎಂದರೆ ಅಲ್ಲ, ತಪ್ಪು ಬಸ್ಸು ಹತ್ತಿದ್ದ. ಮಗಳ ಮನೆ ಪೆರ್ಲದಲ್ಲಿ. ಕಂಡಕ್ಟರ್ ಗೊಣಗಿ, ದುಡ್ಡು ತೆಗೆದುಕೊಳ್ಳದೆ, ಅಡ್ಯನಡ್ಕದಲ್ಲಿ ಇಳಿಸಿ ಎದುರಿನಿಂದ ಬರುವ ಬಸ್ಸಿಗೆ ಕೈ ತೋರಿಸಿ ನಿಲ್ಲಿಸಿದ.